ಆಟದ ಗನ್ನಿಗೆ ಯಾವ ಗ್ಯಾಸ್ ಹಾಕಬೇಕು?

ಶಾಲೆಗೆ ರಜೆ ಸಿಕ್ಕಿ, ಗಲ್ಫಿನಲ್ಲಿರುವವರು ಊರಿಗೆ ಬರುವ ದಿನಗಳಲ್ಲಿ ತಾಯಂದಿರು ನನ್ನ ಮುಂದಿಡುವ ಪ್ರಶ್ನೆಗಳೂ ಬದಲಾಗುತ್ತವೆ. ಕೆಮ್ಮು, ಅಜೀರ್ಣದ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳುತ್ತಾರೆ: “ಡಾಕ್ಟರೇ, ಮಗನಿಗೆ ಅವನ ಮಾಮು ಒಂದು ಗನ್ ತಂದುಕೊಟ್ಟಿದ್ದಾರೆ. ನಿಜವಾದದ್ದಲ್ಲ, ಆಟದ್ದೇ. ಅದಕ್ಕೆ ಗ್ಯಾಸ್ ತುಂಬಬೇಕಂತೆ. ಯಾವ ಗ್ಯಾಸ್ ಆದರೆ ತೊಂದರೆ ಇಲ್ಲ?”

ಇದು ಒಳ್ಳೆಯ ಪ್ರಶ್ನೆ. ಇಷ್ಟು ಕೇಳುವವರೂ ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹದಿನೆಂಟು ತುಂಬದ ಮಕ್ಕಳ ಕೈಯಲ್ಲಿ ಗ್ಯಾಸಿನ ಗನ್ ಬೇಡವೇ ಬೇಡ. ಎಳೆದು ಬಿಡುವ ಸ್ಪ್ರಿಂಗಿನದ್ದೋ ಬ್ಯಾಟರಿಯದ್ದೋ ಸಾಕು, ಅದೂ ಕಣ್ಣಿಗೆ ಕನ್ನಡಕ ಹಾಕಿಕೊಂಡು. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ‘ಗ್ಯಾಸ್ ಗನ್’ ಎಂದರೆ ಪೆಟ್ಟಿಗೆಯಲ್ಲಿ ಬರುವ ವಿದೇಶಿ ಗನ್ ಮಾತ್ರ ಅಲ್ಲವಲ್ಲ.

ಏರ್‌ಸಾಫ್ಟ್ ಎಂಬ ಈ ಆಟ 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿತು. ನೋಡಲು ಅಸಲಿ ಪಿಸ್ತೂಲಿನಂತೆಯೇ ಇರುತ್ತದೆ, ಹಾರುವುದು ಮಾತ್ರ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಆ ಗುಂಡಿನ ತೂಕ ಸಾಧಾರಣವಾಗಿ 0.2 ಗ್ರಾಂ. ಅದು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸರಿಯಾಗಿ ಒಂದು ಜೂಲ್. ಆಟ ಹುಟ್ಟಿದ ಜಪಾನಿನಲ್ಲೇ ದೊಡ್ಡವರಿಗೂ ಒಂದು ಜೂಲಿಗಿಂತ ಸ್ವಲ್ಪ ಕಡಿಮೆಯೇ ಮಿತಿ. ಚರ್ಮಕ್ಕೆ ತಾಗಿದರೆ ಕೆಂಪಾಗಿ ಉರಿಯುತ್ತದೆ, ಅಷ್ಟೆ. ಕಣ್ಣಿಗೆ ತಾಗಿದರೆ ಒಳಗೆ ರಕ್ತ ಸೋರಬಹುದು, ಮಸೂರ ಜಾರಬಹುದು, ಅಕ್ಷಿಪಟಲ ಕಳಚಬಹುದು. ಇರಾಕಿನಂತಹ ದೇಶಗಳಲ್ಲಿ ಈದ್ ದಿನಗಳಲ್ಲೇ ಇಂತಹ ಆಟಿಕೆ ಗನ್ನಿನಿಂದ ಕಣ್ಣು ನೋಯಿಸಿಕೊಂಡ ಮಕ್ಕಳು ಆಸ್ಪತ್ರೆಗೆ ಬರುವುದು ಹೆಚ್ಚು. ಈದಿಯ ದುಡ್ಡು ಕೈಗೆ ಬಂದ ಕೂಡಲೇ ಮಕ್ಕಳು ಎಲ್ಲಿಗೆ ಓಡುತ್ತಾರೆ ಎಂಬುದನ್ನು ನಮ್ಮ ಊರಿನಲ್ಲೂ ನೋಡಿ.

ಈಗ ಗ್ಯಾಸಿನ ವಿಷಯ. ಡಬ್ಬಿಯ ಮೇಲೆ ‘ಗ್ರೀನ್ ಗ್ಯಾಸ್’ ಎಂದು ಬರೆದಿರುತ್ತದೆ. ಹೆಸರು ಕೇಳಿದರೆ ತುಳಸಿ ಪುದೀನದಿಂದ ಮಾಡಿದಂತೆ ಅನ್ನಿಸಬೇಕು! ಒಳಗಿರುವುದು ಪ್ರೊಪೇನ್, ಜತೆಗೆ ಗನ್ನಿನ ರಬ್ಬರ್ ಒಣಗದಿರಲಿ ಎಂದು ಸ್ವಲ್ಪ ಸಿಲಿಕೋನ್ ಎಣ್ಣೆ. ನಿಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದೂ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣವೇ. ಆದರೆ ಸೋರಿದರೆ ಗೊತ್ತಾಗಲಿ ಎಂದು ಅಡುಗೆ ಗ್ಯಾಸಿಗೆ ಬೇಕೆಂದೇ ಕೆಟ್ಟ ವಾಸನೆ ಸೇರಿಸುತ್ತಾರೆ. ಆಟದ ಡಬ್ಬಿಗಳಲ್ಲಿ ಬಹಳಷ್ಟಕ್ಕೆ ಆ ವಾಸನೆ ಇರುವುದಿಲ್ಲ, ಸೋರಿದರೂ ಮೂಗಿಗೆ ಸುಳಿವಿಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಮಂಚದ ಕೆಳಗೆ, ಮೂಲೆಯಲ್ಲಿ ಹೋಗಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚಾದರೂ ಹೊತ್ತಿಕೊಳ್ಳುತ್ತದೆ. ಜೂನ್, ಜುಲೈಯ ಮಳೆಗೆ ಕಿಟಕಿ ಮುಚ್ಚಿಕೊಂಡಿರುವ ಕೋಣೆಯಲ್ಲಿ ಹುಡುಗ ಮ್ಯಾಗಜೀನಿಗೆ ಗ್ಯಾಸ್ ತುಂಬುತ್ತಿದ್ದಾನೆ, ಪಕ್ಕದಲ್ಲೇ ದಾದಿ ಸೊಳ್ಳೆ ಬತ್ತಿ ಹಚ್ಚಿದ್ದಾರೆ ಎಂದು ಒಮ್ಮೆ ಯೋಚಿಸಿ ನೋಡಿ.

ಇನ್ನು ನಮ್ಮ ಸೆಖೆ. 20 ಡಿಗ್ರಿಯಲ್ಲಿ ಪ್ರೊಪೇನಿನ ಒತ್ತಡ ಎಂಟು ಬಾರ್‌ನಷ್ಟು, 35 ಡಿಗ್ರಿಯಲ್ಲಿ ಹನ್ನೆರಡರಷ್ಟು, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ಮುಟ್ಟಿದರೆ ಹದಿನೇಳರ ಹತ್ತಿರ. ಕಾರಿನ ಟಯರಿಗೆ ನಾವು ಹಾಕಿಸುವ ಗಾಳಿ ಸುಮಾರು ಎರಡು ಬಾರ್, ಹೋಲಿಸಿ ನೋಡಿ. ಕಡಿಮೆ ಒತ್ತಡದ ಗ್ಯಾಸಿಗೆಂದು ಮಾಡಿದ ಪ್ಲಾಸ್ಟಿಕ್ ಗನ್ನಿಗೆ ಇದನ್ನು ತುಂಬಿದರೆ ಮೇಲ್ಭಾಗ ಬಿರಿದು ಹಾರುವುದುಂಟು.

ಕಾರ್ಬನ್ ಡೈಆಕ್ಸೈಡ್ ಉರಿಯುವುದಿಲ್ಲ, ಹಾಗಾಗಿ ಸುರಕ್ಷಿತ ಎನ್ನುವವರಿದ್ದಾರೆ. ಉರಿಯುವುದಿಲ್ಲ ಎಂಬುದು ನಿಜ. 12 ಗ್ರಾಮಿನ ಆ ಪುಟ್ಟ ಉಕ್ಕಿನ ಬುಡ್ಡಿಯೊಳಗೆ 25 ಡಿಗ್ರಿಯಲ್ಲೇ ಅರವತ್ತಕ್ಕೂ ಹೆಚ್ಚು ಬಾರ್ ಒತ್ತಡ ಇರುತ್ತದೆ. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಸರಸರನೆ ಏರುತ್ತದೆ. ಮಾರ್ಚಿನಿಂದ ಮೇವರೆಗೆ ಕರಾವಳಿಯಲ್ಲಿ 31 ಡಿಗ್ರಿಗಿಂತ ತಂಪಾದ ಮಧ್ಯಾಹ್ನ ಯಾವುದಿದೆ? ಅದು ಒಮ್ಮೆಲೇ ಹೊರಬಂದರೆ ಬೆರಳು ಮರಗಟ್ಟಿ ಬೊಬ್ಬೆ ಏಳುತ್ತದೆ. ಇನ್ನೊಂದು ಮಾತು. ನಮ್ಮಲ್ಲಿ ಕಸ ಗುಡಿಸಿ ಹಿತ್ತಲಿನಲ್ಲಿ ಬೆಂಕಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಅರ್ಧ ಉಳಿದ ಬುಡ್ಡಿ ಆ ತರಗೆಲೆಯೊಳಗೆ ಸೇರಿದರೆ ಅದು ಪಟಾಕಿಯಲ್ಲ, ಉಕ್ಕಿನ ಚೂರು.

ಉಳಿದದ್ದು 134ಎ ಎಂಬ ಗ್ಯಾಸ್. ಕಾರಿನ ಏಸಿಯಲ್ಲಿ, ಫ್ರಿಜ್ಜಿನಲ್ಲಿ ಬಳಸುವುದು. ಸಾಮಾನ್ಯವಾಗಿ ಉರಿಯುವುದಿಲ್ಲ, ಒತ್ತಡವೂ ಪ್ರೊಪೇನಿಗಿಂತ ಕಡಿಮೆ. ದೊಡ್ಡವರೊಬ್ಬರು ಆಡಲೇಬೇಕೆಂದರೆ ನಾನು ಒಪ್ಪುವುದು ಇದೊಂದನ್ನೇ, ತೆರೆದ ಬಯಲಿನಲ್ಲಿ, ಒಲೆ ಸಿಗರೇಟಿನಿಂದ ದೂರ. ಬೆಂಕಿಗೆ ಬಿದ್ದರೆ ಇದೂ ಒಡೆದು ವಿಷದ ಗ್ಯಾಸಾಗುತ್ತದೆ, ಭೂಮಿಯ ಬಿಸಿ ಹೆಚ್ಚಿಸುವುದರಲ್ಲೂ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಮೇಲು. ಅಗ್ಗದ ಡಬ್ಬಿಯನ್ನು ನಂಬುವಂತಿಲ್ಲ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳಿಗೆ 134ಎ ಎಂದು ಹೇಳಿ ಕಲಬೆರಕೆ ಗ್ಯಾಸ್ ತುಂಬಿ, ಅವು ಸಿಡಿದು ಕೆಲಸಗಾರರು ಸತ್ತಿದ್ದರು. ಬಂದರಿನ ವ್ಯಾಪಾರದಲ್ಲೇ ಮೋಸ ನಡೆದ ಮೇಲೆ ಆಟಿಕೆಯ ಡಬ್ಬಿಯ ಲೇಬಲ್ ಎಷ್ಟರದ್ದು?

(ಅಸ್ತಮಾ ಇರುವವರಿಗೆ ಒಂದು ಮಾತು. ನಿಮ್ಮ ಇನ್ಹೇಲರಿನಲ್ಲಿ ಔಷಧಿಯನ್ನು ಹೊರದೂಡುವುದು ಹೆಚ್ಚಾಗಿ ಇದೇ 134ಎ. ಔಷಧಿಗೆಂದು ಶುದ್ಧ ಮಾಡಿದ ದರ್ಜೆಯದ್ದು, ಪ್ರಮಾಣವೂ ಚಿಟಿಕೆಯಷ್ಟು. ಈ ಲೇಖನ ಓದಿ ಇನ್ಹೇಲರ್ ಬಿಡಬೇಡಿ.)

ಗ್ಯಾಸ್ ಡಬ್ಬಿ ತುಟ್ಟಿಯಾದಾಗ ಹುಡುಗರು ಉಪಾಯ ಹುಡುಕುತ್ತಾರೆ. ಲೈಟರಿಗೆ ತುಂಬುವ ಬ್ಯುಟೇನ್, ಡಿಯೋಡರೆಂಟ್ ಡಬ್ಬಿ, ಕೊನೆಗೆ ಮನೆಯ ಸಿಲಿಂಡರಿಗೇ ನಳಿಕೆ ಜೋಡಿಸುವುದು. ಇದು ಯಾವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಡಿಯೋಡರೆಂಟಿನಲ್ಲಿ ಸುಗಂಧವನ್ನು ಹೊರದೂಡುವುದೂ ಸಾಮಾನ್ಯವಾಗಿ ಇದೇ ಉರಿಯುವ ಗ್ಯಾಸುಗಳು, ಮೆಹಂದಿಯ ರಾತ್ರಿ ಮದುಮಗಳ ತಲೆಯ ಮೇಲೆ ಸುರಿಸುವ ‘ಸ್ನೋ ಸ್ಪ್ರೇ’ಯಲ್ಲೂ ಹಲವಕ್ಕೆ ಅದೇ. ಅದನ್ನು ಕೇಕಿನ ಮೇಣದಬತ್ತಿಯ ಮುಂದೆ ಬಿಟ್ಟು ಕೂದಲು, ದುಪಟ್ಟಾ ಹೊತ್ತಿಸಿಕೊಂಡವರ ವಿಡಿಯೋಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇನ್ನು, ಬೆಳೆದ ಹುಡುಗನ ಕೋಣೆಯಲ್ಲಿ ಇಂತಹ ಖಾಲಿ ಡಬ್ಬಿಗಳು ಲೆಕ್ಕಕ್ಕಿಂತ ಹೆಚ್ಚು ಸಿಗುತ್ತಿದ್ದರೆ ಸುಮ್ಮನಿರಬೇಡಿ. ಬ್ಯುಟೇನನ್ನು ಅಮಲಿಗಾಗಿ ಮೂಗಿಗೆ ಎಳೆದುಕೊಳ್ಳುವ ಚಟವಿದೆ, ಮೊದಲ ಸಲವೇ ಹೃದಯ ನಿಂತು ಸತ್ತವರಿದ್ದಾರೆ. ಗದರಿಸುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಇಷ್ಟೆಲ್ಲ ಹೇಳಿದರೂ ನನಗೆ ನಿಜವಾದ ಭಯ ಇರುವುದು ಕಾರ್ಬೈಡ್ ಗನ್ನಿನ ಬಗ್ಗೆ. ವಿದೇಶಿ ಗನ್ ಕೆಲವೇ ಮನೆಗಳಲ್ಲಿದೆ. ಹಾಲಾಡಿ, ಸಿದ್ದಾಪುರ, ಕೊಲ್ಲೂರಿನ ಕಡೆ ತೆಂಗು ಅಡಿಕೆ ಇರುವವರಿಗೆಲ್ಲ ಮಂಗನ ಕಾಟ. ಪಿವಿಸಿ ಪೈಪಿನ ಗನ್ನಿನಲ್ಲಿ ಕಾರ್ಬೈಡಿನ ಚೂರು ಹಾಕಿ ಸದ್ದು ಮಾಡಿ ಓಡಿಸುವ ಸಾಧನ ತೋಟಗಳಿಗೆ ಬಂದು ಬಹಳ ದಿನವಾಯಿತು. ರೈತನ ಕಷ್ಟ ನನಗೆ ಗೊತ್ತು, ಅವರನ್ನು ದೂರುವುದಿಲ್ಲ. ಆದರೆ ತೋಟದ ವಸ್ತು ಮಕ್ಕಳ ಆಟಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು 2025ರ ಅಕ್ಟೋಬರಿನಲ್ಲಿ ಭೋಪಾಲ ತೋರಿಸಿತು. ದೀಪಾವಳಿಗೆ ಬೀದಿಬದಿಯಲ್ಲಿ ನೂರೈವತ್ತು, ಇನ್ನೂರು ರೂಪಾಯಿಗೆ ಇದೇ ಪೈಪಿನ ಗನ್ ಮಾರಾಟವಾಯಿತು. ಅಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಕಣ್ಣು ಸುಟ್ಟುಕೊಂಡು ಆಸ್ಪತ್ರೆ ಸೇರಿದರು, ಬಹುಪಾಲು ಮಕ್ಕಳು. ಕೆಲವರಿಗೆ ದೃಷ್ಟಿ ಹೋಯಿತು. 1984ರಲ್ಲಿ ಗ್ಯಾಸಿನಿಂದ ಕಣ್ಣು ಕಳೆದುಕೊಂಡ ಅದೇ ಊರು. ಮಾರಾಟದ ಮೇಲೆ ನಿಷೇಧ ಬಂದದ್ದು ಆಮೇಲೆ.

ಒಳಗೆ ನಡೆಯುವುದು ಇಷ್ಟು: ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಏಳುತ್ತದೆ, ವೆಲ್ಡಿಂಗಿಗೆ ಬಳಸುವುದು ಅದನ್ನೇ. ಪ್ರೊಪೇನ್ ಉರಿಯಲು ಗಾಳಿಯ ಜತೆ ಒಂದು ಹದ ಬೇಕು. ಅಸಿಟಿಲೀನಿಗೆ ಹದವೇ ಬೇಡ, ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲಿದ್ದರೂ ಸಿಡಿಯುತ್ತದೆ, ಎಂಬತ್ತಿದ್ದರೂ ಸಿಡಿಯುತ್ತದೆ. ಲೈಟರ್ ಒತ್ತಿದಾಗ ಸದ್ದು ಬರದಿದ್ದರೆ ಹುಡುಗ ಏನು ಮಾಡುತ್ತಾನೆ? ಪೈಪಿನೊಳಗೆ ಇಣುಕುತ್ತಾನೆ. ಸಿಡಿಯುವುದು ಆಗಲೇ. ಮುಖಕ್ಕೆ ಬರುವುದು ಬೆಂಕಿಯೊಂದೇ ಅಲ್ಲ. ಗ್ಯಾಸ್ ಹೋದ ಮೇಲೆ ಪೈಪಿನಲ್ಲಿ ಉಳಿಯುವುದು ಸುಣ್ಣ, ಎಲೆಯಡಿಕೆಗೆ ಹಚ್ಚುವ ಸುಣ್ಣವೇ. ಆ ಸುಣ್ಣ, ಇನ್ನೂ ಕರಗದ ಕಾರ್ಬೈಡಿನ ಹರಳು, ಪ್ಲಾಸ್ಟಿಕ್ಕಿನ ಚೂರು ಎಲ್ಲ ಸೇರಿ ಕಣ್ಣಿಗೆ ನುಗ್ಗುತ್ತವೆ. ಆಮ್ಲಕ್ಕಿಂತ ಸುಣ್ಣ ಕೆಟ್ಟದ್ದು. ಆಮ್ಲ ಮೇಲ್ಪದರವನ್ನು ಸುಟ್ಟು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಸುಣ್ಣ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಅಜ್ಜಿಯ ಎಲೆ ಪೆಟ್ಟಿಗೆಯಲ್ಲಿರುವ ಸುಣ್ಣದ ಪೊಟ್ಟಣವೂ ಪುಟ್ಟ ಮಕ್ಕಳ ಕೈಗೆ ಸಿಗಬಾರದು.

ಅಂತಹ ಗಾಯವಾದರೆ ಏನು ಮಾಡಬೇಕು? ಮುಖದ ಮೇಲಿನ ಪುಡಿಯನ್ನು ಒಣ ಬಟ್ಟೆಯಿಂದ ಸರಸರನೆ ತೆಗೆಯಿರಿ. ಕೂಡಲೇ ನಲ್ಲಿಯ ಕೆಳಗೆ, ಇಲ್ಲವೇ ತಂಬಿಗೆಯಿಂದ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರು ಹರಿಸಿ. ಎರಡು ತಂಬಿಗೆಗೆ ನಿಲ್ಲಿಸಬೇಡಿ, ಅರ್ಧ ಗಂಟೆ ಹರಿಯಲಿ. ಮಗು ಅಳುತ್ತದೆ, ಅಮ್ಮನ ಕೈ ನಡುಗುತ್ತದೆ, ಆದರೂ ಹರಿಸಿ. ಉಜ್ಜಲು ಬಿಡಬೇಡಿ. ಆಮೇಲೆ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ. ರೆಪ್ಪೆ ಮಗುಚಿ ಒಳಗಿನ ಹರಳು ತೆಗೆಯುವುದು ಅವರ ಕೆಲಸ, ಮನೆಯಲ್ಲಾಗುವುದಲ್ಲ. ಬೈಂದೂರಿನಿಂದ ಮಣಿಪಾಲಕ್ಕೆ ಒಂದು ಗಂಟೆಗೂ ಮೇಲಿನ ದಾರಿ, ಕಾರಿನಲ್ಲೂ ಬಾಟಲಿ ನೀರಿನಿಂದ ತೊಳೆಯುತ್ತಲೇ ಇರಿ. ಪ್ಲಾಸ್ಟಿಕ್ ಗುಂಡು ತಾಗಿದ ಕಣ್ಣಿನ ಮಾತು ಬೇರೆ. ಅದಕ್ಕೆ ನೀರೂ ಬೇಡ, ಒತ್ತುವುದೂ ಬೇಡ. ಕಾಗದದ ಲೋಟವೊಂದನ್ನು ಕಣ್ಣಿನ ಮೇಲೆ ಮುಚ್ಚಿದಂತೆ ಅಂಟಿಸಿ ಕರೆದೊಯ್ಯಿರಿ. ನೋವು ಕಡಿಮೆಯಾಯಿತೆಂದು ಮನೆಯಲ್ಲಿ ಉಳಿಯಬೇಡಿ, ಒಳಗೆ ಸೋರಿದ ರಕ್ತ ಹೊರಗೆ ಕಾಣುವುದಿಲ್ಲ.

ಯುನಾನಿ ವೈದ್ಯನಾಗಿ ನಾನೇ ಹೇಳಬೇಕಾದ ಮಾತೊಂದಿದೆ, ಬೇರೆಯವರು ಹೇಳಿದರೆ ನಿಮಗೆ ಬೇಸರವಾದೀತು. ಸುಟ್ಟ ಕಣ್ಣಿಗೆ ಸುರ್ಮಾ ಬೇಡ. ಗುಲಾಬಿ ಅರ್ಕ್, ಜೇನು, ಎದೆಹಾಲು, ಬೆಣ್ಣೆ ಯಾವುದೂ ಬೇಡ. ಕಣ್ಣಿನ ಚಿಕಿತ್ಸೆಯಲ್ಲಿ ನಮ್ಮ ಪರಂಪರೆ ಸಣ್ಣದಲ್ಲ. ಬಗ್ದಾದಿನ ಅಲೀ ಇಬ್ನ್ ಈಸಾ ಕಣ್ಣಿನ ವೈದ್ಯರಿಗೆಂದೇ ಬರೆದ ಕೃತಿಯನ್ನು ಯುರೋಪಿನವರೂ ಶತಮಾನಗಳ ಕಾಲ ಓದಿದರು. ಆ ಪರಂಪರೆಯ ಹೆಸರಿನಲ್ಲಿ ಅಂಗಡಿಯ ಸುರ್ಮಾ ಡಬ್ಬಿ ತೆರೆಯುವುದು ಅದಕ್ಕೆ ಗೌರವವಲ್ಲ. ಅಂಗಡಿಯ ಸುರ್ಮಾಗಳಲ್ಲಿ ಎಷ್ಟೋ ಸೀಸದ ಅದಿರಿನದ್ದೇ. ಗಾಯಕ್ಕೆ ಆ ಪುಡಿ ಬಿದ್ದರೆ ವೈದ್ಯರಿಗೆ ಒಳಗೇನಾಗಿದೆ ಎಂಬುದೂ ಕಾಣುವುದಿಲ್ಲ. ನನ್ನ ಬಳಿಗೆ ಕರೆತಂದರೂ ನಾನು ತೊಳೆದು ಮುಂದಕ್ಕೇ ಕಳಿಸುವುದು, ಆ ದಾರಿಯ ಸಮಯ ನಿಮಗೆ ನಷ್ಟ.

“ಗಂಡು ಮಕ್ಕಳಲ್ಲವೇ, ಆಡಿಕೊಳ್ಳಲಿ” ಎನ್ನುವ ಅಬ್ಬಾಗಳಿಗೆ ಒಂದು ನೆನಪು. ಬೆರಳ ಸಂದಿಯಲ್ಲಿ ಸಣ್ಣ ಕಲ್ಲಿಟ್ಟು ಚಿಮ್ಮಿಸುವುದನ್ನು ಪ್ರವಾದಿ(ಸ)ರು ತಡೆದ ಹದೀಸ್ ನೀವು ಕೇಳಿರುತ್ತೀರಿ. ಅದರಿಂದ ಬೇಟೆಯೂ ಆಗದು, ವೈರಿಗೂ ಏನೂ ಆಗದು, ಯಾರದೋ ಕಣ್ಣು ಹೋಗುತ್ತದೆ, ಹಲ್ಲು ಮುರಿಯುತ್ತದೆ ಎಂಬುದು ಕಾರಣ. ಬೆರಳಿನಿಂದ ಚಿಮ್ಮಿದ ಹರಳಿನ ವಿಷಯದಲ್ಲೇ ಅಷ್ಟು ಎಚ್ಚರ ಇತ್ತು.

ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಗುಂಡು ಹಾರಿಸುವ ಆಟಿಕೆಯಾದರೆ ಸ್ಪ್ರಿಂಗಿನದ್ದೇ ಇರಲಿ, ಆಡುವವರಿಗೂ ನೋಡುವವರಿಗೂ ಬದಿ ಮುಚ್ಚಿದ ಕನ್ನಡಕ ಇರಲಿ. ಬಿಸಿಲಿನ ಕಪ್ಪು ಕನ್ನಡಕ ಸಾಲದು, ಅದು ಒಡೆದು ಚೂರಾಗಿ ಕಣ್ಣಿಗೇ ಹೋಗುತ್ತದೆ. ದುಬೈ, ದಮಾಮಿನಿಂದ ಬರುವವರಿಗೆ ಈಗಲೇ ಫೋನಿನಲ್ಲಿ ಹೇಳಿಬಿಡಿ. ಉರಿಯುವ ಗ್ಯಾಸಿನ ಡಬ್ಬಿಯನ್ನು ವಿಮಾನದ ಯಾವ ಸಾಮಾನಿನಲ್ಲೂ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಪೇಚಾಡುವುದು ತಪ್ಪುತ್ತದೆ.

ಮನೆಯಲ್ಲಿ ಈಗಾಗಲೇ ಕಾರ್ಬೈಡ್ ಇದ್ದರೆ ಅದನ್ನು ಬಾವಿಗೆ, ಚರಂಡಿಗೆ, ಕಕ್ಕಸಿಗೆ ಎಸೆಯಬೇಡಿ. ನೀರು ತಾಗಿದ ಕ್ಷಣ ಗ್ಯಾಸ್ ಏಳುತ್ತದೆ. ನಮ್ಮ ಮಳೆಗಾಲದ ಗಾಳಿಯ ತೇವವೇ ಅದಕ್ಕೆ ಸಾಕು. ಒಣಗಿದ, ಗಟ್ಟಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಅಡುಗೆಮನೆಯಿಂದ ದೂರ ಎತ್ತರದಲ್ಲಿಟ್ಟು, ತಂದ ವೆಲ್ಡಿಂಗ್ ಅಂಗಡಿಗೇ ಹಿಂದಿರುಗಿಸಿ. ಜೂನ್ ಹಿಡಿಯುವ ಮೊದಲು ಮಾಡಿದರೆ ಒಳ್ಳೆಯದು.