ಯಂತ್ರಕ್ಕೆ ಮುಪ್ಪು ಬಂತೆ, ಹೊರೆ ಹೆಚ್ಚಿತೆ?

ಕಾರವಾರ ಮತ್ತು ಅಂಕೋಲೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಗಿರುವ ಅವರ್ಸಾದಂತಹ ಊರುಗಳಲ್ಲಿ ಗಣಕಯಂತ್ರವು ಈಗ ಬೆಡಗಿನ ವಸ್ತುವಾಗಿ ಉಳಿದಿಲ್ಲ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡ ದಿನಗಳಿಂದ ಇಂದಿನವರೆಗೆ ಹಳ್ಳಿಯ ಬದುಕಿನ ಒಂದೊಂದೇ ಕಾಗದ ಈ ಯಂತ್ರದೊಳಕ್ಕೆ ಸೇರುತ್ತ ಬಂದಿದೆ. ಬೆಳೆವಿಮೆಯ ಅರ್ಜಿ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ, ಸಹಕಾರಿ ಸಂಘದ ಲೆಕ್ಕ ಎಲ್ಲಕ್ಕೂ ಅದೇ ಬಾಗಿಲು. ಆದ್ದರಿಂದ ಕಾರ್ಯಾಚರಣ ತಂತ್ರಾಂಶದ ಹೊಸ ಆವೃತ್ತಿ ಹಾಕಿಸಿದ ಮರುದಿನದಿಂದ ಯಂತ್ರ ತೆವಳತೊಡಗಿದರೆ ಕಾಯುವವರ ಸಾಲು ಬೆಳೆಯುತ್ತದೆ, ಅರ್ಜಿಯ ಕೊನೆಯ ದಿನಾಂಕ ದಾಟುತ್ತದೆ. ಆಗ ಪೇಟೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಹಳತಾಯಿತು, ಹೊಸದು ತೆಗೆದುಕೊಳ್ಳಿ." ಈ ಉತ್ತರವನ್ನು ಪರೀಕ್ಷಿಸದೆ ಒಪ್ಪಬಹುದೆ?

ಪ್ರಶ್ನೆಗೆ ಇಂದು ವಿಶೇಷ ತುರ್ತು ಇದೆ. ವಿಂಡೋಸ್ 10 ತಂತ್ರಾಂಶಕ್ಕೆ ನೀಡುತ್ತಿದ್ದ ಸಾಮಾನ್ಯ ಭದ್ರತಾ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. 2021ರ ಅಕ್ಟೋಬರ್‌ನಲ್ಲಿ ಹೊರಬಂದ ವಿಂಡೋಸ್ 11 ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಬೇಡುತ್ತದೆ. ಸುಸ್ಥಿತಿಯಲ್ಲಿರುವ ಅನೇಕ ಯಂತ್ರಗಳು ಈ ಷರತ್ತಿನಿಂದ ಹೊರಗುಳಿದವು. ಕನಿಷ್ಠ ಅರ್ಹತೆಯನ್ನು ಹೇಗೋ ಮುಟ್ಟಿದ ಯಂತ್ರಗಳು ಏದುಸಿರು ಬಿಡುತ್ತಿವೆ. ಕನಿಷ್ಠವೆಂದರೆ ನಡೆಯುತ್ತದೆ ಎಂಬುದಷ್ಟೇ ಅರ್ಥ. ಸರಾಗವಾಗಿ ನಡೆಯುತ್ತದೆ ಎಂದಲ್ಲ.

ಅಡಿಕೆ ಮರದ ಸೋಗೆ ಹಳದಿಯಾದೊಡನೆ ಯಾವ ರೈತನೂ ಮರ ಕಡಿಯುವುದಿಲ್ಲ. ಬಸಿಗಾಲುವೆ ಕಟ್ಟಿಕೊಂಡಿದೆಯೋ, ಬೇರುಹುಳ ಹತ್ತಿದೆಯೋ, ಪೋಷಕಾಂಶದ ಕೊರತೆಯೋ ಎಂದು ಬುಡ ಬಿಡಿಸಿ ನೋಡುತ್ತಾನೆ. ಯಂತ್ರದ ವಿಷಯದಲ್ಲೂ ಅದೇ ಕ್ರಮ ಸಲ್ಲುತ್ತದೆ.

ಮೊದಲ ಹೆಜ್ಜೆ ತಾಳ್ಮೆ. ಹೊಸ ಆವೃತ್ತಿ ಬಂದ ಮೇಲೆ ಯಂತ್ರವು ಕಡತಗಳಿಗೆಲ್ಲ ಹೊಸದಾಗಿ ಸೂಚಿ ಸಿದ್ಧಪಡಿಸುತ್ತದೆ, ಉಳಿದ ಪರಿಷ್ಕರಣೆಗಳನ್ನು ಇಳಿಸಿಕೊಳ್ಳುತ್ತದೆ, ವೈರಸ್ ತಪಾಸಣೆ ನಡೆಸುತ್ತದೆ. ಇವೆಲ್ಲ ತೆರೆಯ ಹಿಂದೆ ನಡೆಯುವ ಕೆಲಸಗಳು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಬಾರಿ ವಿದ್ಯುತ್ ಹೋಗುವ ಕಡೆ ಇವು ಅರ್ಧಕ್ಕೆ ನಿಂತು ಮತ್ತೆ ಮತ್ತೆ ಮೊದಲಾಗುತ್ತವೆ. ಆದಕಾರಣ ವಿದ್ಯುತ್ ಸ್ಥಿರವಾಗಿರುವ ಹೊತ್ತು ನೋಡಿ ಯಂತ್ರವನ್ನು ಕೆಲವು ಗಂಟೆ ಸುಮ್ಮನೆ ಚಾಲನೆಯಲ್ಲಿಡಬೇಕು. ಅದಕ್ಕೂ ಮುನ್ನ ಅಗತ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡುವುದು ಕಡ್ಡಾಯ.

ಎರಡು ಮೂರು ದಿನಗಳಾದರೂ ನಿಧಾನ ತಗ್ಗದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಅಂಕಣಗಳಿವೆ. ಯಾವುದು ಸದಾ ನೂರರ ಸಮೀಪ ನಿಂತಿದೆಯೋ ರೋಗದ ಸ್ಥಾನ ಅಲ್ಲಿದೆ. ಅಲ್ಲೇ ಇರುವ ಸ್ಟಾರ್ಟಪ್ ಪಟ್ಟಿಯಲ್ಲಿ, ಯಂತ್ರ ಎಚ್ಚರಗೊಂಡಾಗಲೆಲ್ಲ ತಾವೇ ತೆರೆದುಕೊಳ್ಳುವ ಅನಗತ್ಯ ತಂತ್ರಾಂಶಗಳನ್ನು ನಿಲ್ಲಿಸಬಹುದು. ಎರಡೆರಡು ವೈರಸ್ ನಿರೋಧಕಗಳಿದ್ದರೆ ಒಂದು ಸಾಕು.

ಹಳೆಯ ಮೇಜುಗಣಕಗಳಲ್ಲಿ ಬಹುಪಾಲು ಸಿಕ್ಕಿಬೀಳುವುದು ಡಿಸ್ಕ್. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಮುಳ್ಳೊಂದು ಓಡಾಡಿ ಓದುವ ಹಾರ್ಡ್ ಡಿಸ್ಕ್, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರರ ಆಸುಪಾಸು ಬಾರಿ ಮಾತ್ರ ಹೆಕ್ಕಬಲ್ಲದು. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಅದನ್ನೇ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಸ್ಮೃತಿ ಸಾಲದೆ ಹೋದಾಗ ಯಂತ್ರವು ಡಿಸ್ಕನ್ನೇ ಸ್ಮೃತಿಯಂತೆ ಬಳಸುವುದರಿಂದ ಸಂಕಟ ಇಮ್ಮಡಿಸುತ್ತದೆ. ಡಿಸ್ಕಿನ ಬದಲಾಗಿ ಎಸ್‌ಎಸ್‌ಡಿ ಹಾಕಿಸಿ, ಮದರ್‌ಬೋರ್ಡಿಗೆ ಹೊಂದುವ ಬಗೆಯ ರ‍್ಯಾಮ್ ನೋಡಿ 4 ಗಿಗಾಬೈಟನ್ನು 8ಕ್ಕೆ ಏರಿಸಿದರೆ, ಹೊಸ ಯಂತ್ರದ ಬೆಲೆಯ ಒಂದಂಶದಲ್ಲೇ ಹಳೆಯದು ಮತ್ತೆ ಕೆಲವು ವರ್ಷ ದುಡಿಯಬಲ್ಲದು.

ಹಣ ಖರ್ಚಿಲ್ಲದ ಪರಿಹಾರಗಳೂ ಇವೆ. ಹಿಂದಿನ ಆವೃತ್ತಿಯು ವಿಂಡೋಸ್.ಓಲ್ಡ್ ಎಂಬ ಕಡತಕೋಶದಲ್ಲಿ ಹತ್ತಾರು ಗಿಗಾಬೈಟ್ ಜಾಗ ಹಿಡಿದು ಕುಳಿತಿರುತ್ತದೆ. ಹಳೆಯದಕ್ಕೆ ಮರಳುವ ಅವಕಾಶ ಸಾಮಾನ್ಯವಾಗಿ 10 ದಿನ ಮಾತ್ರ. ಮರಳಬೇಕೋ ಬೇಡವೋ ಎಂದು ಅಷ್ಟರೊಳಗೆ ನಿರ್ಧರಿಸಿ, ಬೇಡವಾದರೆ ಡಿಸ್ಕ್ ಕ್ಲೀನಪ್ ಮೂಲಕ ಅದನ್ನು ತೆಗೆದು ಜಾಗ ತೆರವು ಮಾಡಬೇಕು. ಚಿತ್ರ, ಧ್ವನಿ ಮತ್ತು ಮುದ್ರಣ ಸಾಧನಗಳ ಡ್ರೈವರ್‌ಗಳನ್ನು ಆಯಾ ತಯಾರಕರಿಂದಲೇ ಪಡೆದು ಹಾಕಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಕಡಲ ಉಪ್ಪುಗಾಳಿ ಬೀಸುವ ಈ ಕರಾವಳಿಯಲ್ಲಿ ಸಂಪರ್ಕ ಬಿಂದುಗಳು ಕಿಲುಬುಗಟ್ಟುತ್ತವೆ. ಫ್ಯಾನಿನ ಮೇಲೆ ತೇವದ ಧೂಳು ಮೆತ್ತಿಕೊಳ್ಳುತ್ತದೆ. ಬಿಸಿಯೇರಿದ ಸಂಸ್ಕಾರಕ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ಕಳಚಿ ಧೂಳು ತೆಗೆದಾಗಲೇ ಗುಣಮುಖವಾದ ಯಂತ್ರಗಳುಂಟು.

ಇಷ್ಟಾದರೂ ಹೊಸ ವಿಂಡೋಸಿಗೆ ಒಗ್ಗದ ಯಂತ್ರಕ್ಕೆ ಲಿನಕ್ಸ್ ಇದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಂತಹ ಹಗುರ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ. ಕನ್ನಡ ಯುನಿಕೋಡ್ ಬರವಣಿಗೆಗೆ ಕೀಲಿಮಣೆ ವಿನ್ಯಾಸವೂ ಅವುಗಳಲ್ಲಿದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಕಡತಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಬೇಕು. ಇಲ್ಲವಾದರೆ ವರ್ಷಗಳ ಠರಾವು, ನಡಾವಳಿಗಳು ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಕಚೇರಿಯ ಕೆಲಸಕ್ಕೆ ಬೇಕಾದ ಸಾಧನಗಳು, ಅದರಲ್ಲೂ ಬೆರಳಚ್ಚು ಗುರುತಿನ ಯಂತ್ರಗಳು, ಲಿನಕ್ಸಿನಲ್ಲಿ ನಡೆಯುತ್ತವೆಯೇ ಎಂದು ಮುಂಚಿತವಾಗಿ ಪರೀಕ್ಷಿಸಬೇಕು. ಶಾಲೆಯ ಮಕ್ಕಳ ಕಲಿಕೆಗೆ ಮತ್ತು ಬರವಣಿಗೆಗೆ ಈ ಅಡ್ಡಿಗಳು ವಿರಳ.

ಇದನ್ನು ಪರಿಸರದ ಪ್ರಶ್ನೆಯೆಂದು ಏಕೆ ಪರಿಗಣಿಸಬೇಕು? ಹಳೆಯ ಬಗೆಯ ಪರದೆಯೂ ಸೇರಿದಂತೆ ಒಂದು ಮೇಜುಗಣಕದ ತಯಾರಿಕೆಗೆ ಕನಿಷ್ಠ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ ಮತ್ತು 1500 ಕಿಲೋ ನೀರು ವ್ಯಯವಾಗುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನ 2004ರಲ್ಲಿ ಲೆಕ್ಕಹಾಕಿತ್ತು. ಯಂತ್ರವನ್ನು ಬೇಗ ಎಸೆದಷ್ಟೂ ಈ ವ್ಯಯ ಬೇಗ ಮರುಕಳಿಸುತ್ತದೆ. 2022ರಲ್ಲಿ ಜಗತ್ತು ಉತ್ಪಾದಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯ ದಾರಿ ಹಿಡಿದದ್ದು ಕಾಲುಭಾಗಕ್ಕಿಂತ ಕಡಿಮೆ. ಉಳಿದುದರಲ್ಲಿ ಬಹಳಷ್ಟು ಗುಜರಿಗೆ ಸೇರಿ, ತಾಮ್ರಕ್ಕಾಗಿ ತಂತಿ ಸುಡುವವರ ಕೈಗೆ ಹೋಗುತ್ತದೆ. ಹಳೆಯ ಪರದೆಗಳ ಗಾಜಿನಲ್ಲಿ ಮತ್ತು ಬೆಸುಗೆಯಲ್ಲಿರುವ ಸೀಸ ಮಣ್ಣಿಗಿಳಿದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಘಟ್ಟದಂಚಿನ ಹಳ್ಳಿಯ ಗುಜರಿ ಗಾಡಿಯವರೆಗೆ ನಿಯಮದ ಕೈ ಚಾಚುವುದು ಸುಲಭವಲ್ಲ.

ಆದ್ದರಿಂದ ಪಂಚಾಯಿತಿ, ಶಾಲೆ ಮತ್ತು ಸಹಕಾರಿ ಸಂಘಗಳು ಒಂದು ಸರಳ ಪದ್ಧತಿಯನ್ನು ರೂಢಿಸಿಕೊಳ್ಳಬೇಕು. ಯಾವ ಗಣಕವನ್ನೇ ಆಗಲಿ ವಿಲೇವಾರಿ ಮಾಡುವ ಮುನ್ನ, ಅದರ ಡಿಸ್ಕ್, ಸ್ಮೃತಿ, ಶಾಖ ಮತ್ತು ತಂತ್ರಾಂಶಗಳನ್ನು ಪರೀಕ್ಷಿಸಿದ ಒಂದು ಪುಟದ ಟಿಪ್ಪಣಿ ಸಭೆಯ ಮುಂದೆ ಬರಲಿ; ದುರಸ್ತಿಯ ವೆಚ್ಚವನ್ನೂ ಹೊಸದರ ಬೆಲೆಯನ್ನೂ ಅದರಲ್ಲಿ ಅಕ್ಕಪಕ್ಕ ಬರೆಯಲಿ. ಕಾಲೇಜಿನ ವಿದ್ಯಾರ್ಥಿಗಳು ಈ ತಪಾಸಣೆಯನ್ನು ಕಲಿತು ಊರಿನ ಸೇವೆಗೆ ಒದಗಿಸಬಲ್ಲರು. ನಿಜವಾಗಿ ಆಯುಷ್ಯ ಮುಗಿದ ಯಂತ್ರಗಳು ಅಧಿಕೃತ ಸಂಗ್ರಹಣೆಗೆ ಹೋಗಲಿ. ಉಳಿದವು ಮುಂದಿನ ಮಳೆಗಾಲಕ್ಕೆ ಮುನ್ನ ಧೂಳು ಕೊಡವಿಸಿಕೊಂಡು ಮತ್ತೆ ಕೆಲಸಕ್ಕೆ ಕೂರಲಿ.