ತನ್ನ ಸಹಿಗೆ ತಾನೇ ಸಾಕ್ಷಿ ನಿಲ್ಲದ ಸರ್ಕಾರ

2024ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಸರ್ಕಾರಿ ಆದೇಶಕ್ಕೆ ಮಧ್ಯಂತರ ತಡೆ ಕೊಟ್ಟಿತು. ಮುಸ್ಲಿಂ ದಂಪತಿಗಳಿಗೆ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೂ ಅದರ ಜಿಲ್ಲಾ ಅಧಿಕಾರಿಗಳಿಗೂ ವಹಿಸಿದ್ದ 2023ರ ಆಗಸ್ಟ್ 30ರ ಆದೇಶ ಅದು. ವಕ್ಫ್ ಕಾಯ್ದೆಯಲ್ಲಿ ಅಂಥ ಅಧಿಕಾರ ಇಲ್ಲ ಎಂದಿತು ನ್ಯಾಯಾಲಯ. ಆ ಮಾತು ಸರಿಯೇ. ಆದರೆ ಆದೇಶವನ್ನು ಸಮರ್ಥಿಸಲು ಸರ್ಕಾರ ಕೊಟ್ಟ ಕಾರಣವೂ ಸುಳ್ಳಲ್ಲ: ವಿದೇಶಕ್ಕೆ ಹೊರಟವರಿಗೆ ಈ ಕಾಗದ ಬೇಕು. ಚರ್ಚೆಯೆಲ್ಲ ವಕ್ಫ್ ಮಂಡಳಿಯ ಸುತ್ತಲೇ ನಡೆಯಿತು. ದುಬೈನಲ್ಲಿರುವ ಗಂಡನ ಬಳಿಗೆ ಹೋಗಬೇಕಾದ ಕಲಬುರಗಿಯ ಹೆಣ್ಣುಮಗಳು ಇನ್ನು ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂದು ಕೇಳಿದವರು ಕಡಿಮೆ.

ಹೈದರಾಬಾದಿನಲ್ಲಿ ಆ ಬಾಗಿಲು ನಾಂಪಲ್ಲಿಯ ಹಜ್ ಹೌಸ್‌ನಲ್ಲಿದೆ. ಖಾಜಿಗಳು ಬರೆದಿಟ್ಟ ನಿಕಾಹ್ ದಾಖಲೆಯನ್ನು ನೋಡಿ ತೆಲಂಗಾಣ ವಕ್ಫ್ ಮಂಡಳಿ ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಕೊಡುತ್ತದೆ. ಅಷ್ಟಕ್ಕೆ ಮುಗಿಯಲಿಲ್ಲ. ರಾಜ್ಯ ಸಚಿವಾಲಯದ ಸಾಮಾನ್ಯ ಆಡಳಿತ ಇಲಾಖೆಯ ಮುದ್ರೆ ಬೀಳಬೇಕು. ಅದರ ಮೇಲೆ ಕೇಂದ್ರ ವಿದೇಶಾಂಗ ಸಚಿವಾಲಯದ್ದು. ಯುಎಇಗೆ ಹೋಗುವುದಾದರೆ ಆ ದೇಶದ ದೂತಾವಾಸದ್ದು, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದು, ಕೊನೆಗೆ ಅವರ ನ್ಯಾಯ ಇಲಾಖೆಯ ಪರವಾನಗಿ ಇರುವ ಅನುವಾದಕರಿಂದ ಅರಬ್ಬಿ ಅನುವಾದ. ಪ್ರತಿ ಮುದ್ರೆಯೂ ತನ್ನ ಹಿಂದಿನ ಮುದ್ರೆ ನಿಜ ಎಂದಷ್ಟೇ ಹೇಳುತ್ತದೆ. ಮದುವೆ ನಡೆಯಿತೇ ಎಂಬ ಪ್ರಶ್ನೆಯನ್ನು ಮೊದಲ ಕಚೇರಿ ಬಿಟ್ಟರೆ ಬೇರೆ ಯಾರೂ ಕೇಳುವುದಿಲ್ಲ.

ನನ್ನ ತಕರಾರು ಇಷ್ಟೇ. ಸರ್ಕಾರ ತಾನೇ ಬರೆದು, ತಾನೇ ಸಹಿ ಮಾಡಿ ಕೊಟ್ಟ ಕಾಗದ ತನ್ನದೇ ಎಂದು ಒಪ್ಪಿಕೊಳ್ಳುವುದಕ್ಕೆ ಪ್ರಜೆಯನ್ನು ಊರೂರು ಅಲೆಸುತ್ತಿದೆ. ಈ ಅಲೆದಾಟದ ಹೊರೆ ಹೈದರಾಬಾದಿನ ಕನ್ನಡಿಗರ ಮೇಲೆ, ಬೀದರ್–ಕಲಬುರಗಿಯವರ ಮೇಲೆ ಬೀಳುವಷ್ಟು ಬೇರೆಯವರ ಮೇಲೆ ಬೀಳುವುದಿಲ್ಲ.

ಭೂಪಟ ನೋಡಿದರೆ ಸಾಕು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 700. 1956ರ ನವೆಂಬರ್ 1ರವರೆಗೂ ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಇಂದಿಗೂ ಅಲ್ಲಿನವರು ಆಸ್ಪತ್ರೆಗೆ, ಓದಿಗೆ, ಕೆಲಸಕ್ಕೆ, ವಿಮಾನಕ್ಕೆ ಅತ್ತಲೇ ಹೊರಡುತ್ತಾರೆ. ಅಮೆರಿಕದ ಕಾನ್ಸುಲೇಟ್ ಅಲ್ಲಿ 2008ರಿಂದ ಇದೆ. ವಿದೇಶಾಂಗ ಸಚಿವಾಲಯ 2019ರಲ್ಲಿ ಕಾಗದಗಳ ದೃಢೀಕರಣ ಮತ್ತು ಅಪೊಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳಿಗಾಗಿ ಒತ್ತುವ ದೃಢೀಕರಣ ಮುದ್ರೆ) ಕೆಲಸವನ್ನು ದಿಲ್ಲಿಯಿಂದ ಹೊರಗಿನ ನಗರಗಳಿಗೂ ಹಂಚಿದಾಗ ಹೈದರಾಬಾದಿಗೂ ಒಂದು ಕಚೇರಿ ಸಿಕ್ಕಿತು. ಆದರೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಹೈದರಾಬಾದಿನಲ್ಲಿ ಹತ್ತು ವರ್ಷ ದುಡಿದು, ಈಗ ಕುವೈತಿಗೆ ಹೊರಟ ಎಂಜಿನಿಯರ್ ತನ್ನ ಪದವಿಪತ್ರ ಹಿಡಿದು ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ. ಮೊದಲು ಕಾಗದ ಕೊಟ್ಟ ರಾಜ್ಯದ ಮುದ್ರೆ ಬೇಕು, ಆ ಮುದ್ರೆಗೆ ಬೆಂಗಳೂರನ್ನು ನೆಚ್ಚಬೇಕು. ಹೆಂಡತಿಯ ಪದವಿ ಉಸ್ಮಾನಿಯಾದ್ದಾದರೆ, ಮಗು ಹುಟ್ಟಿದ್ದು ಹೈದರಾಬಾದಿನಲ್ಲಾದರೆ, ಅವರ ಕಾಗದಗಳಿಗೆ ತೆಲಂಗಾಣದ ಸಚಿವಾಲಯ. ಮದುವೆ ನೋಂದಣಿಯಾಗಿದ್ದು ಬೀದರಿನಲ್ಲಿ, ಅದಕ್ಕೆ ಮತ್ತೆ ಬೆಂಗಳೂರು. ಒಂದೇ ಮನೆಯ ಕಾಗದಗಳು ಎರಡು ರಾಜ್ಯಗಳ ನಡುವೆ ಓಡಾಡುತ್ತವೆ.

ಕಲಬುರಗಿಗೆ ಹೈಕೋರ್ಟ್ ಪೀಠ ಬಂತು. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸ್ಥಾನಮಾನ ಸಿಕ್ಕಿತು, 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ಪದವಿಪತ್ರಕ್ಕೆ ಮುದ್ರೆ ಒತ್ತುವ ಒಬ್ಬ ಅಧಿಕಾರಿ ಮಾತ್ರ ಬರಲಿಲ್ಲ. ಪಕ್ಕದ ಕೇರಳದಲ್ಲಿ ಅನಿವಾಸಿ ಕೇರಳಿಗರಿಗಾಗಿ ಇರುವ ನೋರ್ಕಾ ಸಂಸ್ಥೆ ತಿರುವನಂತಪುರದ ಜೊತೆಗೆ ಕೊಚ್ಚಿ, ಕೋಯಿಕ್ಕೋಡ್‌ಗಳಲ್ಲೂ ಈ ಕೆಲಸ ಮಾಡಿಕೊಡುತ್ತದೆ. ಕಾಸರಗೋಡಿನ ಕನ್ನಡಿಗನಿಗೆ ರಾಜಧಾನಿಯವರೆಗೆ ಹೋಗದೆ ಸಿಗುವ ಸೌಲಭ್ಯ ಬೀದರಿನ ಕನ್ನಡಿಗನಿಗೆ ಯಾಕಿಲ್ಲ?

ಹೀಗೆ ಬಿಟ್ಟ ಜಾಗದಲ್ಲಿ ಏಜೆಂಟರು ಬಂದು ಕೂತರು. ಅಮೀರ್‌ಪೇಟೆ, ಹಿಮಾಯತ್‌ನಗರ, ಸಿಕಂದರಾಬಾದಿನಲ್ಲಿ ಅಟೆಸ್ಟೇಷನ್ ಫಲಕಗಳಿಗೆ ಬರವಿಲ್ಲ. ಒಂದು ಕಾಗದದ ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ. ಕಾಗದ ಪಡೆದು ಸಚಿವಾಲಯಕ್ಕೆ ಮುಟ್ಟಿಸುವ ಅಧಿಕೃತ ಸಂಸ್ಥೆಯ ಸೇವಾಶುಲ್ಕವೂ ಅತ್ಯಲ್ಪ. ಆದರೂ ಜನ ಸಾವಿರಾರು ರೂಪಾಯಿ ತೆರುತ್ತಾರೆ. ಮುದ್ರೆ ದುಬಾರಿಯಾಗಿರುವುದರಿಂದ ಅಲ್ಲ, ಬೆಂಗಳೂರಿಗೆ ಹೋಗಿ ಬರುವ ರಜೆ ಇಲ್ಲದಿರುವುದರಿಂದ. 2012ರಿಂದ ವಿದೇಶಾಂಗ ಸಚಿವಾಲಯ ಈ ಕಾಗದಗಳನ್ನು ಜನರ ಕೈಯಿಂದ ನೇರವಾಗಿ ಪಡೆಯುವುದನ್ನೇ ನಿಲ್ಲಿಸಿದೆ. ಏಜೆಂಟನನ್ನು ಬೈಯುವುದು ಸುಲಭ. ಅವನನ್ನು ಅನಿವಾರ್ಯ ಮಾಡಿದವರು ಯಾರು ಎಂದು ಕೇಳಬೇಕು.

ಅಪೊಸ್ಟಿಲ್ ಒಪ್ಪಂದ ಹುಟ್ಟಿದ್ದೇ ಈ ಮುದ್ರೆಗಳ ಸರಪಳಿಯನ್ನು ಕತ್ತರಿಸಲು. 1961ರಲ್ಲಿ ಹೇಗ್‌ನಲ್ಲಿ ಆದ ಒಪ್ಪಂದ ಅದು. ಭಾರತದ ಮಟ್ಟಿಗೆ 2005ರ ಜುಲೈ 14ರಂದು ಜಾರಿಗೆ ಬಂತು. ಇಂದು 120ಕ್ಕೂ ಹೆಚ್ಚು ದೇಶಗಳು ಅದರೊಳಗಿವೆ. ಒಮಾನ್, ಬಹ್ರೇನ್ ಮೊದಲೇ ಸೇರಿದ್ದವು, ಸೌದಿ ಅರೇಬಿಯಾ 2022ರ ಡಿಸೆಂಬರ್‌ನಲ್ಲಿ ಸೇರಿತು. ಅಲ್ಲಿಗೆ ಹೋಗುವವರಿಗೆ ದೂತಾವಾಸದ ಮುದ್ರೆ ತಪ್ಪಿತು. ಹೊರಗಿನ ಸರ್ಕಾರಗಳು ಮುದ್ರೆ ಬಿಟ್ಟುಕೊಟ್ಟವು, ನಮ್ಮ ರಾಜ್ಯದೊಳಗಿನ ಮುದ್ರೆಗಳು ಹಾಗೇ ಉಳಿದವು.

ನಕಲಿ ಕಾಗದಗಳ ಹಾವಳಿ ಇರುವಾಗ ತಪಾಸಣೆ ಬೇಡವೇ ಎಂದು ಅಧಿಕಾರಿಗಳು ಕೇಳುತ್ತಾರೆ. ಹಾವಳಿ ನಿಜ. ನಕಲಿ ಪದವಿಪತ್ರ ಮಾರುವ ಜಾಲಗಳನ್ನು ಹೈದರಾಬಾದ್ ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಅಂಥವರಿಂದಾಗಿ ಪ್ರಾಮಾಣಿಕವಾಗಿ ಓದಿದ ಹುಡುಗನೂ ವೀಸಾ ಕಿಟಕಿಯ ಮುಂದೆ ಅನುಮಾನಕ್ಕೆ ಗುರಿಯಾಗುತ್ತಾನೆ. ಆದರೆ ನಕಲಿಯನ್ನು ಹಿಡಿಯಬಲ್ಲದ್ದು ಮೂಲ ದಾಖಲೆ ಇಟ್ಟುಕೊಂಡಿರುವ ಕಚೇರಿ ಒಂದೇ: ವಿಶ್ವವಿದ್ಯಾಲಯ, ಪರೀಕ್ಷಾ ಮಂಡಳಿ, ಉಪನೋಂದಣಾಧಿಕಾರಿ. ಅಪೊಸ್ಟಿಲ್ ದೃಢೀಕರಿಸುವುದು ಸಹಿ, ಸಹಿ ಮಾಡಿದವರ ಹುದ್ದೆ ಮತ್ತು ಮುದ್ರೆ, ಕಾಗದದೊಳಗಿನ ಮಾತನ್ನಲ್ಲ. ನಡುವಿನ ಮೇಜು ಹೆಚ್ಚಿದಷ್ಟೂ ಕಾಗದ ಪರರ ಕೈಗೆ ಹೋಗುವ ಸಂದರ್ಭ ಹೆಚ್ಚುತ್ತದೆ, ನಕಲಿ ಮುದ್ರೆ ಒತ್ತುವವನಿಗೆ ಅಲ್ಲೇ ಅವಕಾಶ.

ಅನುವಾದದ ಸ್ಥಿತಿ ಇನ್ನೂ ಕಷ್ಟದ್ದು. ಜರ್ಮನಿಯಲ್ಲಿ ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿದ ಅನುವಾದಕರ ಪಟ್ಟಿ ಇದೆ. ಬ್ರೆಜಿಲ್‌ನಲ್ಲಿ ಪರೀಕ್ಷೆ ಪಾಸಾಗಿಯೇ ಸರ್ಕಾರಿ ಮಾನ್ಯತೆಯ ಅನುವಾದಕರಾಗಬೇಕು. ನಮ್ಮಲ್ಲಿ ಅಂಥ ಪಟ್ಟಿಯೇ ಇಲ್ಲ. 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್ ಯಾವುದೇ ದಾಖಲೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ, ಅನುವಾದ ಸರಿ ಎಂದು ದೃಢೀಕರಿಸುವ ಅಧಿಕಾರವನ್ನು ನೋಟರಿಗೆ ಕೊಟ್ಟಿದೆ. ಆ ಭಾಷೆ ಅವರಿಗೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಇಲ್ಲ. ಹಾಗಾಗಿ ಹೈದರಾಬಾದಿನ ನೋಟರಿಯೊಬ್ಬರು ಕನ್ನಡ ಓದಲು ಬಾರದೆಯೂ ಕನ್ನಡದ ಜನನಪತ್ರದ ಅನುವಾದಕ್ಕೆ ಮುದ್ರೆ ಒತ್ತಬಹುದು. ಹಳೆಯ ಕೈಬರಹದಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿ ಓದಿದರೂ ಅದು ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ, ವೀಸಾ ನಿಲ್ಲುತ್ತದೆ, ಮತ್ತೆ ಅಫಿಡವಿಟ್ಟು, ಮತ್ತೆ ಮುದ್ರೆ.

ವಯಸ್ಸಾದವರ ಪಾಡು ನೋಡಿದರೆ ಸಂಕಟವಾಗುತ್ತದೆ. ಜನನ–ಮರಣ ನೋಂದಣಿ ಕಾಯ್ದೆ ಬಹುಪಾಲು ರಾಜ್ಯಗಳಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಹಿಂದೆ ರಾಯಚೂರಿನ ಯಾವುದೋ ಹಳ್ಳಿಯಲ್ಲಿ ಹುಟ್ಟಿದ ತಾಯಿಯನ್ನು ಅಮೆರಿಕದ ಮಗ ಗ್ರೀನ್ ಕಾರ್ಡಿಗೆ ಕರೆಸಿಕೊಳ್ಳಬೇಕೆಂದರೆ, ಜನನ ದಾಖಲೆ ಇಲ್ಲ ಎಂಬುದಕ್ಕೇ ಒಂದು ಪ್ರಮಾಣಪತ್ರ ತರಬೇಕು, ಅದರ ಜೊತೆಗೆ ಬಲ್ಲವರ ಅಫಿಡವಿಟ್ಟುಗಳನ್ನು ಇಡಬೇಕು. ನಿಜಾಮರ ಕಾಲದಲ್ಲಿ ಓದಿದವರ ಶಾಲಾಪತ್ರ ಉರ್ದುವಿನಲ್ಲಿ. ಅದನ್ನು ಓದಿ ಇಂಗ್ಲಿಷಿಗೆ ತರಬಲ್ಲವರನ್ನು ತೊಂಬತ್ತರ ಅಜ್ಜಿ ತಾನೇ ಹುಡುಕಬೇಕು.

ಇಷ್ಟಾಗಿ, ಹೈದರಾಬಾದಿನಷ್ಟು ಭಾಷಾಸಂಪತ್ತಿರುವ ನಗರಗಳು ದೇಶದಲ್ಲಿ ಕಡಿಮೆ. ಅರಬ್ಬಿ, ಜರ್ಮನ್, ಫ್ರೆಂಚ್ ಕಲಿಸುವ ಇಫ್ಲು ಭಾಷಾ ವಿಶ್ವವಿದ್ಯಾಲಯ ಅಲ್ಲಿದೆ, ಉರ್ದುವಿಗೆ ಮೌಲಾನಾ ಆಜಾದ್ ವಿಶ್ವವಿದ್ಯಾಲಯ ಇದೆ, ಉಸ್ಮಾನಿಯಾದಲ್ಲಿ ಕನ್ನಡ ವಿಭಾಗ ಇದೆ. ಕರ್ನಾಟಕದಲ್ಲಿ ಅನುವಾದಕ್ಕೆಂದೇ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ. ಇವು ಪರೀಕ್ಷೆ ನಡೆಸಿ, ಪಾಸಾದವರ ಹೆಸರನ್ನು ಪ್ರಕಟಿಸಿ, ದರ ಗೊತ್ತುಮಾಡಿದರೆ ಅನುವಾದದ ಮೇಲೆ ಹೊಣೆಗಾರನ ಹೆಸರು ಇರುತ್ತದೆ. ಕನ್ನಡ ಓದಿದ ನೂರಾರು ಮಂದಿಗೆ ಗೌರವದ ಕೆಲಸವೂ ಸಿಗುತ್ತದೆ. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಗಿದೆ: ಜನನ, ಮದುವೆಯಂಥ ಪತ್ರಗಳಿಗೆ 2019ರಿಂದ ತನ್ನ ದೇಶಗಳೊಳಗೆ ಅಪೊಸ್ಟಿಲ್ ಬೇಡವೆಂದಿತು, ಅನುವಾದದ ಬದಲಿಗೆ ಬಹುಭಾಷಾ ನಮೂನೆಯನ್ನು ಲಗತ್ತಿಸುವ ಏರ್ಪಾಡು ಮಾಡಿತು. ಹಳೆಯ ಕನ್ನಡ ಪತ್ರಗಳನ್ನು ಕೇಳಿದವರಿಗೆ ಕನ್ನಡ–ಇಂಗ್ಲಿಷ್ ಎರಡರಲ್ಲೂ ಹೊಸದಾಗಿ ಕೊಡುವುದು ನಮ್ಮ ತಾಲ್ಲೂಕು ಕಚೇರಿಗಳಿಗೆ ಆಗದ ಕೆಲಸವೇನಲ್ಲ.

ಆನ್‌ಲೈನ್ ದೃಢೀಕರಣದ ಇ–ಸನದ್ ವ್ಯವಸ್ಥೆ 2017ರಲ್ಲೇ ಬಂದಿದೆ. ಗುಲಬರ್ಗಾ, ಉಸ್ಮಾನಿಯಾದಂಥ ವಿಶ್ವವಿದ್ಯಾಲಯಗಳ ಹಳೆಯ ಪದವಿಗಳೂ, ಉಪನೋಂದಣಾಧಿಕಾರಿಗಳ ಮದುವೆ ದಾಖಲೆಗಳೂ ಪೂರ್ತಿಯಾಗಿ ಅದರೊಳಗೆ ಬರಬೇಕು. ಮುಸ್ಲಿಂ ಮದುವೆಗಳ ವಿಷಯಕ್ಕೂ ದಾರಿ ಇದೆ. ಎಲ್ಲ ಧರ್ಮದ ಮದುವೆಗಳ ನೋಂದಣಿಗೆ ಕರ್ನಾಟಕದಲ್ಲಿ 1976ರ ಕಾಯ್ದೆ ಇದೆ. ಖಾಜಿಯ ದಾಖಲೆ ನೇರವಾಗಿ ಉಪನೋಂದಣಾಧಿಕಾರಿಗೆ ಹೋಗುವಂತೆ ಮಾಡಿದರೆ ಹೈಕೋರ್ಟಿನ ಆಕ್ಷೇಪಕ್ಕೆ ಎಡೆಯಿಲ್ಲ, ಕಲಬುರಗಿಯ ಆ ಹೆಣ್ಣುಮಗಳಿಗೂ ಎಲ್ಲ ದೇಶ ಒಪ್ಪುವ ಕಾಗದ ಸಿಗುತ್ತದೆ.

ಇವಕ್ಕೆಲ್ಲ ಸಮಯ ಹಿಡಿಯುತ್ತದೆ ಎನ್ನುವುದಾದರೆ, ಸಮಯ ಹಿಡಿಯದ ಒಂದು ಕೆಲಸ ಇದೆ. ಕಲಬುರಗಿಯ ಪ್ರಾದೇಶಿಕ ಆಯುಕ್ತರ ಕಚೇರಿಯಲ್ಲಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ, ಅವರ ಮಾದರಿ ಸಹಿಯನ್ನು ವಿದೇಶಾಂಗ ಸಚಿವಾಲಯಕ್ಕೂ ಅದರ ಹೈದರಾಬಾದ್ ಕಚೇರಿಗೂ ಕಳುಹಿಸುವುದು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡ ಬೇಡ; ಬೆಂಗಳೂರಿನಿಂದ ಒಂದು ಆದೇಶ ಹೊರಟರೆ ಸಾಕು. ಕಲ್ಯಾಣ ಕರ್ನಾಟಕದ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಬೇಕು, ಯಾವ ದಿನದಿಂದ ಎಂಬ ಉತ್ತರವನ್ನೂ ಪಡೆಯಬೇಕು.