ಹದಿನೆಂಟು ತುಂಬಿದ ಮರುದಿನ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದವರು ರೇಷ್ಮೆಯ ಸಂಪತ್ತನ್ನು ಕಣ್ತುಂಬ ಕಾಣುವರು. ಆದರೆ ಗೂಡು ಕುದಿನೀರಿನಲ್ಲಿ ಬೆಂದು ಎಳೆಯಾಗುವ ಬಿಚ್ಚಾಣಿಕೆಯ ಮನೆಗಳಲ್ಲಿಯೂ, ಆ ಎಳೆಗೆ ಹುರಿ ಕೊಡುವ ಯಂತ್ರಗಳ ಬದಿಯಲ್ಲಿಯೂ, ಹೆತ್ತವರು ಪಡೆದ ಮುಂಗಡ ಹಣಕ್ಕೆ ಒತ್ತೆಯಾಗಿ ಈ ನಾಡಿನ ಎಷ್ಟೋ ಮಕ್ಕಳು ಬಾಲ್ಯವನ್ನು ಸವೆಸಿದರೆಂಬುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳತಕ್ಕ ಸಂಗತಿಯಲ್ಲ. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ವೃತ್ತಾಂತವನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ವರದಿಯಾಗಿ ಪ್ರಕಟಿಸಿತು. ಸ್ವಂತ ಮನೆಯೊಳಗೆ ನಡೆಯುವ ದೌರ್ಜನ್ಯವಾದರೋ ಇನ್ನಷ್ಟು ಗೂಢವಾದುದು. 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ ಕೇಂದ್ರ ಸರ್ಕಾರವು 2007ರಲ್ಲಿ ಹೊರತಂದ ಅಧ್ಯಯನದಂತೆ, ಪೀಡಕರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಅದರ ವಿಶ್ವಾಸಕ್ಕೆ ಪಾತ್ರರಾಗಿದ್ದವರು. ಬಹುಪಾಲು ಮಕ್ಕಳು ನಡೆದುದನ್ನು ಯಾರಿಗೂ ಹೇಳಿರಲಿಲ್ಲ.

ಇಂಥ ಬಾಲ್ಯವು ಕಸಿದುಕೊಳ್ಳುವುದು ಆರೋಗ್ಯವನ್ನೂ ಓದನ್ನೂ ಮಾತ್ರವಲ್ಲ. ‘ನನಗೆ ಇದು ಬೇಕು, ಇದು ಬೇಡ’ ಎನ್ನುವ ಇಚ್ಛಾಶಕ್ತಿಯನ್ನೇ ಅದು ಕಸಿದುಕೊಳ್ಳುತ್ತದೆ. ಆದುದರಿಂದ ಪುನರ್ವಸತಿಯೆಂಬುದರ ತಿರುಳು ಆ ಇಚ್ಛೆಯನ್ನು ಹಿಂದಿರುಗಿಸಿ ಕೊಡುವುದರಲ್ಲಿದೆಯೆಂದು ನಾನು ನಂಬಿದ್ದೇನೆ. ನಮ್ಮಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ವಿಪರ್ಯಾಸ. ಬಾಲಮಂದಿರದಲ್ಲಿ ಬೆಳೆದ ಹುಡುಗಿಗೆ ಹದಿನೆಂಟು ತುಂಬುತ್ತದೆ. ಯಾರೋ ಆಕೆಗೆ ಹೊಲಿಗೆಯೇ ತಕ್ಕುದೆಂದು ನಿಶ್ಚಯಿಸುತ್ತಾರೆ. ಸಭೆಯೊಂದರಲ್ಲಿ ಹೊಲಿಗೆ ಯಂತ್ರ ಕೊಟ್ಟು ಛಾಯಾಚಿತ್ರ ತೆಗೆಯುತ್ತಾರೆ. ಆಕೆಯ ಗುರುತು ಬಯಲಾಗಬಾರದೆಂದು ಕಾನೂನು ವಿಧಿಸಿದೆ. ಆದರೂ ನೆರವು ಬೇಡಿದ ಕಡೆಯಲ್ಲೆಲ್ಲ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾದ ಯಾತನೆ ಆಕೆಗೆ ತಪ್ಪುವುದಿಲ್ಲ.

ಕಾನೂನಿನ ಮಾತು ಬಂದುದರಿಂದ ಒಂದು ಪದವನ್ನು ಇಲ್ಲಿ ನಿಲ್ಲಿಸಿ ನೋಡಬೇಕು. 2015ರ ಬಾಲನ್ಯಾಯ ಕಾಯಿದೆಯ 46ನೆಯ ಕಲಮು, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಡುವವರಿಗೆ ಆರ್ಥಿಕ ಸಹಾಯವನ್ನು ‘ನೀಡಬಹುದು’ ಎನ್ನುತ್ತದೆ, ‘ನೀಡತಕ್ಕದ್ದು’ ಎನ್ನುವುದಿಲ್ಲ. ಹೊರಬಂದ ಮೇಲಿನ ಅನುಪಾಲನೆಯ ಹೆಸರಿನಲ್ಲಿ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಮೂಲಕ ತಿಂಗಳಿಗೆ 4,000 ರೂಪಾಯಿ ದೊರೆಯಬಹುದಾದುದು 21ರ ವರೆಗೆ, ವಿಶೇಷ ಸಂದರ್ಭದಲ್ಲಿ 23ರ ವರೆಗೆ; ಅದೂ ಸಂಸ್ಥೆಯಲ್ಲಿ ಬೆಳೆದವರಿಗೆ. ಅಜ್ಜಿಯ ಮನೆಯಲ್ಲಿಯೋ ಚಿಕ್ಕಮ್ಮನ ಮನೆಯಲ್ಲಿಯೋ ಆಶ್ರಯ ಪಡೆದವಳು ಈ ಲೆಕ್ಕಕ್ಕೆ ಬರುವುದಿಲ್ಲ. ಜೀತದಿಂದ ಬಿಡುಗಡೆಯಾದ ಮಕ್ಕಳಿಗೆ 2 ಲಕ್ಷ, ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿಯೆಂದು ಗೊತ್ತುಮಾಡಿದ 2016ರ ಕೇಂದ್ರ ಯೋಜನೆಯು, ತಕ್ಷಣದ ಅಲ್ಪ ಮೊತ್ತವನ್ನು ಬಿಟ್ಟು ಉಳಿದುದನ್ನು ಆಪಾದಿತನಿಗೆ ಶಿಕ್ಷೆಯಾಗುವುದರೊಡನೆ ಗಂಟುಹಾಕಿತು. ನ್ಯಾಯಾಲಯದ ಗತಿಗೆ ಹಸಿವು ಕಾಯಬೇಕೆಂದು ವಿಧಿಸಿದಂತಾಯಿತು. ಇದು ಅನ್ಯಾಯವೆಂದು ಬಿಚ್ಚಿಯೇ ಹೇಳಬೇಕು.

ಮಾರ್ಗ ತೋರುವ ಪ್ರಯೋಗಗಳು ನಮ್ಮಲ್ಲಿಲ್ಲದೆ ಇಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ಊಟವಸತಿ ಸಹಿತ ಉಚಿತ ತರಬೇತಿ ಕೊಡುವುದಲ್ಲದೆ, ಕಲಿತು ಹೋದವರ ಬೆನ್ನಿಗೆ ಅನಂತರವೂ ನಿಲ್ಲುವ ಪದ್ಧತಿಯನ್ನು ರೂಢಿಸಿತು. ಅದೇ ಮಾದರಿಯ ಸಂಸ್ಥೆಗಳು ಇಂದು ದೇಶದ ಜಿಲ್ಲೆಜಿಲ್ಲೆಗೂ ಹಬ್ಬಿವೆ. ಕಲಿಕೆ ಕೆಲವು ವಾರಗಳದು, ಬೆಂಬಲ ಎರಡು ವರ್ಷದ್ದು ಎಂಬ ಆ ಪ್ರಮಾಣ ನನಗೆ ಬಹಳ ಹಿಡಿಸಿದೆ. ನೊಂದು ಬಂದ ಹುಡುಗಿಗೆ ಬೇಕಾದುದೂ ಇದೇ, ಇನ್ನೂ ಹೆಚ್ಚಾಗಿ. ತರಗತಿಯ ನಡುವೆ ಬೆದರಿ ಎದ್ದು ಹೋದವಳನ್ನು ಅಶಿಸ್ತಿನವಳೆಂದು ಹೆಸರು ಹೊಡೆಯದೆ ನಾಳೆ ಬಾರಮ್ಮ ಎನ್ನುವ ಉಪಾಧ್ಯಾಯಿನಿ, ಮನಸ್ಸಿನ ಗಾಯಕ್ಕೆ ಚಿಕಿತ್ಸೆ, ಒಳಗಿನಿಂದ ಅಗುಳಿ ಹಾಕಿಕೊಳ್ಳಬಲ್ಲ ಒಂದು ಕೋಣೆ ಆಕೆಗೆ ದೊರೆಯಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಹುಡುಗನೊಬ್ಬನು 1935ರಲ್ಲಿ ಓದಿನ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದನು. ಮುಂದೆ ವಿಶ್ವವಿದ್ಯಾನಿಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರೇ ಆ ಹುಡುಗ. ದಾರಿದ್ರ್ಯವೂ ದೌರ್ಜನ್ಯವೂ ಒಂದೇ ಅಲ್ಲವೆಂಬುದನ್ನು ಬಲ್ಲೆ. ಆದರೂ ನಡೆದ ದಾರಿಯ ಕೊನೆಯಲ್ಲಿ ಆತನಿಗೊಂದು ಶಾಲೆಯಿತ್ತು, ಕೈಹಿಡಿಯುವ ಗುರುಗಳಿದ್ದರು. ಚಿಂತಾಮಣಿಯಿಂದಲೋ ಶಿಡ್ಲಘಟ್ಟದಿಂದಲೋ ದಿನದ ಕೂಲಿ ಬಿಟ್ಟು ನೆರವು ಕೇಳಲು ಚಿಕ್ಕಬಳ್ಳಾಪುರದ ಜಿಲ್ಲಾ ಕಛೇರಿಗೆ ಬಸ್ಸು ಹಿಡಿದು ಬರುವವಳಿಗೆ ದಾರಿಯ ಕೊನೆಯಲ್ಲಿ ದೊರೆಯುವುದು ಅರ್ಜಿಯ ನಮೂನೆಯೊಂದೇ ಆದರೆ ಆಕೆ ಮತ್ತೊಮ್ಮೆ ಬಾರಳು. ತಾಲ್ಲೂಕಿಗೊಬ್ಬಳಾದರೂ ಸಂಬಳದ ಜೊತೆಗಾತಿ, ಕಡತ ಬಲ್ಲವಳು, ಆಕೆಯೊಡನೆ ನಡೆಯಬೇಕು.

ಎಳೆ ಹಿಡಿಯುವ ವಿದ್ಯೆಯನ್ನು ಭಯದಲ್ಲಿ ಕಲಿತ ಬೆರಳುಗಳು ಈ ಸೀಮೆಯಲ್ಲಿವೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಕಾಲೇಜೇ ಇದೆ. ಅದೇ ಕಸುಬನ್ನು ನ್ಯಾಯವಾದ ಕೂಲಿಗೆ, ಸ್ವಂತ ಯಂತ್ರದ ಮುಂದೆ ಕುಳಿತು ಮಾಡುವ ಆಸೆ ಒಬ್ಬಳಿಗಿರಬಹುದು. ಗೂಡು ಬೇಯುವ ವಾಸನೆಯೇ ಮತ್ತೊಬ್ಬಳಿಗೆ ಅಸಹ್ಯವಾಗಿರಬಹುದು, ಆಕೆ ವಿದ್ಯುತ್ ಕೆಲಸವನ್ನೋ ದಾದಿಯ ಕೆಲಸವನ್ನೋ ಬಯಸಬಹುದು. ಯಾವುದು ಬೇಕೆಂದು ಮೊದಲು ಆಕೆಯನ್ನೇ ಕೇಳಬೇಕು. ಉತ್ತರ ಹೇಳಲು ಆಕೆ ಒಂದು ತಿಂಗಳು ಬೇಡಿದಲ್ಲಿ, ಆ ತಿಂಗಳ ಭತ್ಯೆಯೂ ಆಕೆಗೆ ಸಲ್ಲತಕ್ಕದ್ದು.